ಪೇಡೆ ಕಳ್ಳಿಯ ಸಿನಿಮಾ: ಬರ್ತ್‌ಡೇ ಮನೆಯಲ್ಲೇ ಶೂಟಿಂಗ್, ಊಟದ ಹೊತ್ತಿಗೆ ಶೋ

"ಹುಡುಗೂರು ಎರಡು ನಿಮಿಷ ಒಂದ ಕಡೆ ನಿಲ್ಲೂದಿಲ್ಲ, ಸಿನಿಮಾ ಏನ ಮಾಡ್ತೀಯೋ ತಮ್ಮಾ?" ಬರ್ತ್‌ಡೇಗೆ ಬಂದ ಮಕ್ಕಳನ್ನೇ ಹಾಕಿಕೊಂಡು ಪುಟ್ಟ ಕಥೆಯ ಸಿನಿಮಾ ಮಾಡ್ತೀನಿ ಅಂದಾಗ ಹುಬ್ಬಳ್ಳಿಯ ಹಿರಿಯ ಫೋಟೋಗ್ರಾಫರ್‌ಗಳು ನಕ್ಕಿದ್ದರು. ಕೇಕ್, ಬಲೂನ್, ಸ್ಲೋ ಮೋಷನ್, ಮೇಲೊಂದು ಹಾಡು. ಎಲ್ಲರೂ ಕೊಡೋದು ಅದೇ. ಈಗ ಗದಗದಿಂದಲೂ ಫೋನ್ ಬರುತ್ತದೆ: "ಆ ಪೇಡೆ ಕಳ್ಳಿದು ಮಾಡಿದ್ರಲ್ಲಾ, ಅಂಥಾದ್ದು ಮಾಡಿಕೊಡ್ರಿ."

ಮೊದಮೊದಲು ದುಡ್ಡು ಕಳೆದದ್ದೇ ಜಾಸ್ತಿ. ಡೈಲಾಗ್ ಬಾಯಿಪಾಠ ಮಾಡಿಸಿದರೆ ಐದು ವರ್ಷದವರು ಪಕ್ಕದವರ ಮಾತನ್ನೂ ತಾವೇ ಹೇಳಿಬಿಟ್ಟರು. ಕಾಲರ್ ಮೈಕ್ ಜ್ಯೂಸ್ ಗ್ಲಾಸಿಗೆ ಬಿತ್ತು, ಎರಡೂವರೆ ಸಾವಿರದ ಆಸುಪಾಸು ಹೋಯಿತು. ಕಂಪ್ಯೂಟರಿನಲ್ಲಿ ಹಸಿರು ಬಣ್ಣ ತೆಗೆದು ಆ ಜಾಗಕ್ಕೆ ಆಕಾಶ ಕೂಡಿಸೋಣ ಅಂತ ಒಂದು ಮನೆಯಲ್ಲಿ ಹಸಿರು ಪರದೆ ಕಟ್ಟಿದ್ದೆ, ಹುಡುಗಿ ಬಂದದ್ದೂ ಹಸಿರು ಫ್ರಾಕಿನಲ್ಲೇ! ಕಂಪ್ಯೂಟರಿನಲ್ಲಿ ನೋಡಿದರೆ ಆಕಾಶದಲ್ಲಿ ಬರೀ ತಲೆ, ಕೈ. ಆ ಮನೆಯವರು ಪೆಟ್ರೋಲ್ ದುಡ್ಡೂ ಕೊಡಲಿಲ್ಲ.

ದಾರಿ ಸಿಕ್ಕಿದ್ದು ಧಾರವಾಡದ ಮಾಳಮಡ್ಡಿಯ ಹಳೇ ಮನೆಯೊಂದರಲ್ಲಿ. ಕಥೆ ಇಷ್ಟೇ: ಪೇಡೆ ಡಬ್ಬಿ ಖಾಲಿ, ಮಕ್ಕಳೆಲ್ಲ ಪೊಲೀಸರು, ಕಳ್ಳಿ ಬರ್ತ್‌ಡೇ ಹುಡುಗಿ. "ನನ್ನ ಮಗಳು ಕಳ್ಳಿ ಏನ್ರೀ?" ಅಂತ ತಾಯಿ ಹುಬ್ಬು ಗಂಟಿಕ್ಕಿದರು. ಆದರೆ ಚುಚ್ಚುವ ಹೊಸ ಬಟ್ಟೆ ಹಾಕಿಕೊಂಡು, ಬಂದವರಿಂದೆಲ್ಲ ಗಲ್ಲ ಹಿಂಡಿಸಿಕೊಂಡು ಆ ಮಗು ಆಗಲೇ ಸುಸ್ತಾಗಿರುತ್ತದೆ. ಹೀರೋ ಮಾಡಿದರೆ ಅಳು ಗ್ಯಾರಂಟಿ. ಕಳ್ಳಿಯಾದರೆ ಮೂಲೆಯಲ್ಲಿ ಕೂತು ಪೇಡೆ ತಿಂದರೆ ಸಾಕು. ನಮ್ಮ ಪೇಡೆಯ ಮೇಲಿನ ಸಕ್ಕರೆಯೇ ಸುಳಿವು. ಕರಿ ಕಡಪಾ ಕಲ್ಲಿನ ನೆಲದಲ್ಲಿ ಅದು ಎದ್ದು ಕಾಣುತ್ತದೆ. ಅದರ ಬೆನ್ನುಹತ್ತಿ ಮಕ್ಕಳು ತಾವೇ ಹೋದರು, ಮಾತೇ ಬೇಕಾಗಲಿಲ್ಲ.

ಹಾವೇರಿಯಲ್ಲಿ ಇದನ್ನೇ ಏಲಕ್ಕಿ ಹಾರ ಇಟ್ಟು ಮಾಡಿ ನೋಡಿದೆ. ಊರಿನ ಹೆಸರಾದ ವಸ್ತು, ಚೆನ್ನಾಗಿರುತ್ತದೆ ಅಂತ. ಉಹೂಂ. ಮಕ್ಕಳು ತಿನ್ನದ ವಸ್ತುವನ್ನು ಕದ್ದರೆ ಹುಡುಕೋರು ಯಾರು?

ಶೂಟಿಂಗ್ ಕಥೆಯ ಕ್ರಮದಲ್ಲೇ ನಡೆಯಬೇಕು. ಹಿಂದುಮುಂದು ಮಾಡಿದರೆ ಮಕ್ಕಳಿಗೆ ತಲೆಬುಡ ತಿಳಿಯೋದಿಲ್ಲ. ಇಡೀ ಕೋಣೆ ಕಾಣುವ ವೈಡ್ ಒಂದೇ ಸಲ, ಉಳಿದದ್ದೆಲ್ಲ ಹತ್ತಿರದಿಂದ ತೆಗೆಯುವ ಕ್ಲೋಸ್, ನಾಲ್ಕೈದು ಸೆಕೆಂಡಿನ ಶಾಟ್‌ಗಳು. ಕೇಕ್ ಕತ್ತರಿಸುವ ಮುಂಚೆ ಮುಗಿಯಲೇಬೇಕು. ಕ್ರೀಮ್ ಹತ್ತಿದ ಮುಖ ಹಿಂದಿನ ಶಾಟ್‌ಗೆ ಮ್ಯಾಚ್ ಆಗೋದಿಲ್ಲ, ಮಕ್ಕಳೂ ಕೈಗೆ ಸಿಗೋದಿಲ್ಲ. ಅಪ್ಪ ಅಮ್ಮಂದಿರು ಹೊರಗೆ, ಅಜ್ಜಿ ಒಬ್ಬರು ಒಳಗೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್ (ಚಿತ್ರ), ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್ ಅಲ್ವಾ, ಟ್ಯೂಬ್‌ಲೈಟ್, ಸೀರಿಯಲ್ ಸೆಟ್‌ಗಳ ಮಿನುಗು ಬಹುಮಟ್ಟಿಗೆ ಹಿಡಿತಕ್ಕೆ ಬರುತ್ತದೆ. ಮಕ್ಕಳು ಕ್ಯಾಮೆರಾ ನೋಡದಂತೆ ಹೇಗೆ ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಕಡ್ಡಿ ಇಲ್ಲದ ಬೆಂಕಿಪೊಟ್ಟಣವೊಂದು ಬೇಕು. ಒಳಗೆ ಏನಿರುತ್ತದೆ ಅಂತ ಹೇಳೋದಿಲ್ಲ, ಅದು ನನ್ನ ಹೊಟ್ಟೆಪಾಡು.

ಸಿನಿಮಾ ಹಾಡು ಹಾಕಿದರೆ ಯೂಟ್ಯೂಬಿನಲ್ಲಿ ಕಾಪಿರೈಟ್ ತಕರಾರು. ಮಾಳಮಡ್ಡಿಯ ಆ ಮನೆಯ ದೊಡ್ಡ ಹುಡುಗ ತಬಲಾ ಕಲಿಯುತ್ತಿದ್ದ. ಧಾರವಾಡದಲ್ಲಿ ಅಂಥವರಿಗೇನು ಬರ? 16 ಎಣಿಕೆಯ ತಾಳವಾದ ತೀನ್‌ತಾಲ್ ಬಾರಿಸಲು ಹೇಳಿದೆ, ಹುಡುಕುವಾಗ ನಿಧಾನ, ಬೆನ್ನಟ್ಟುವಾಗ ದ್ರುತ್, ಅಂದರೆ ಜೋರು. 16 ಮಾತ್ರೆ (ಎಣಿಕೆ) ಮುಗಿದು ಸಮ್, ಅಂದರೆ ಮತ್ತೆ ಮೊದಲ ಪೆಟ್ಟು, ಬಂದಲ್ಲೆಲ್ಲ ಕಟ್. ಎಡಿಟಿಂಗ್ ಇಷ್ಟು ಸಲೀಸಾಗಿ ಎಂದೂ ಆಗಿರಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಷನ್ ಧಾರಾಳ ಸಾಕು. ಎರಡನೇ ಪಂಕ್ತಿ ಏಳುವಷ್ಟರಲ್ಲಿ ಮೂರು ನಿಮಿಷದ ಸಿನಿಮಾ ರೆಡಿ. ಗೋಡೆಗೆ ಅಜ್ಜನ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಚ್ಚಿದೆ. ಹುಬ್ಬು ಗಂಟಿಕ್ಕಿದ್ದ ತಾಯಿಯೇ ಮತ್ತೆ ಹಾಕ್ರಿ, ಮತ್ತೆ ಹಾಕ್ರಿ ಅಂದರು.

ಮಾಮೂಲಿ ಕವರೇಜಿಗೆ ಆರು ಸಾವಿರ ಸಿಗುತ್ತಿತ್ತು, ಸಿನಿಮಾ ಸೇರಿದರೆ ಈಗ ಹತ್ತು. ಹೆಲ್ಪರ್, ಲೈಟ್ ಬಾಡಿಗೆ, ಪ್ರೊಜೆಕ್ಟರ್ ಅಂತ ಎರಡು ಎರಡೂವರೆ ಹೋಗುತ್ತದೆ. ಬಾಕಿ ಹಣ ಮಾತ್ರ ಶೋ ಶುರುವಾಗುವ ಮುಂಚೆಯೇ ಕೇಳಿ. ಮುಗಿದ ಮೇಲೆ ಎಲ್ಲರೂ ಪೆನ್‌ಡ್ರೈವ್ ಕೇಳುತ್ತಾರೆ, ಯಜಮಾನರು ಮಾತ್ರ ಕಣ್ಣಿಗೆ ಬೀಳೋದಿಲ್ಲ.