ಅಪ್ಪನ ಮನೆಯ ಮೇಲಿನ ಮಹಡಿ ಮತ್ತು ನನ್ನ ಎಂಬಿಎ

ದಾವಣಗೆರೆಯಲ್ಲಿ ಹನ್ನೊಂದು ವರ್ಷ ಸೈಟ್ ಎಂಜಿನಿಯರ್ ಆಗಿ ದುಡಿದ ಮೇಲೆ ದೂರಶಿಕ್ಷಣದಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬಿಎಗೆ ಸೇರಿದ ನಾನು, ಶೆಡ್ಯೂಲಿಂಗ್ (ಕೆಲಸಗಳ ವೇಳಾಪಟ್ಟಿ ಹಾಕುವ) ಪತ್ರಿಕೆಯಲ್ಲಿ ನೂರಕ್ಕೆ 31 ಅಂಕ ಪಡೆದು ಅನುತ್ತೀರ್ಣನಾದೆ. ಸೈಟಿನಲ್ಲಿ ದಿನವೂ ಮಾಡುವ ಕೆಲಸದಲ್ಲೇ ಫೇಲಾದೆನೆಂಬ ಅವಮಾನಕ್ಕೆ ಸಿಕ್ಕಿ ಆನ್‌ಲೈನ್ ಕೋಚಿಂಗಿಗೆ ಸುಮಾರು 18,000 ರೂಪಾಯಿ ಸುರಿದೆ. ಅಲ್ಲಿ ಕಲಿತದ್ದೆಂದರೆ, ಕೆಲಸ ಮುಗಿಯಲು ಎಷ್ಟು ದಿನವೆಂದು ಲೆಕ್ಕಹಾಕುವ ಎರಡು ವಿಧಾನಗಳಲ್ಲಿ ಸಿಪಿಎಂ 1957ರಲ್ಲಿ ಡೂಪಾಂಟ್ ಕಂಪನಿಯ ಕಾರ್ಖಾನೆ ಕೆಲಸಗಳಿಂದಲೂ ಪರ್ಟ್ 1958ರಲ್ಲಿ ಅಮೆರಿಕದ ನೌಕಾಪಡೆಯ ಪೋಲಾರಿಸ್ ಕ್ಷಿಪಣಿಯಿಂದಲೂ ಬಂದವೆಂಬುದು. ಅದು ಎರಡು ಅಂಕದ ಪ್ರಶ್ನೆ.

ಆ ಹೊತ್ತಿಗೆ ಅಪ್ಪನ ಮನೆಯ ಮೇಲೆ ಸುಮಾರು 900 ಚದರ ಅಡಿಯ ಮಹಡಿ ಕಟ್ಟಿಸಲು ಆರಂಭಿಸಿದ್ದೆ. ಪುಸ್ತಕದ ಎ, ಬಿ, ಸಿ ಚಟುವಟಿಕೆಗಳನ್ನು ಬದಿಗಿಟ್ಟು, ಪ್ರತಿ ಅಧ್ಯಾಯವನ್ನೂ ಈ ಮಹಡಿಗೇ ಹಚ್ಚಿ ಓದುವುದೆಂದು ನಿಶ್ಚಯಿಸಿದೆ. ಪ್ರಾಜೆಕ್ಟ್ ವರದಿಗೂ ಇದೇ ವಿಷಯವೆಂದಾಗ ಮಾರ್ಗದರ್ಶಕರು ಹೆದ್ದಾರಿಯನ್ನೋ ಮೆಟ್ರೋವನ್ನೋ ಆರಿಸಿಕೊಳ್ಳಬಾರದೇ ಎಂದು ಮುಖ ಸಿಂಡರಿಸಿದರು. ಸಹಪಾಠಿಗಳಂತೂ "ಮನೆ ಕಟ್ಟೋಕೆ ಎಂಬಿಎ ಯಾಕೆ ಬೇಕು, ಮೇಸ್ತ್ರಿ ಸಾಲದೇ" ಎಂದು ನಕ್ಕರು. ಆದರೆ ತಪ್ಪಾದರೆ ಅವರ ಮೆಟ್ರೋದಲ್ಲಿ ಹೋಗುವುದು ಅಂಕ. ನನ್ನ ಮಹಡಿಯಲ್ಲಿ ಹೋಗುವುದು ಜೇಬಿನ ಹಣ.

ಮೊದಲ ಪೆಟ್ಟು ಸಾಫ್ಟ್‌ವೇರಿನಿಂದಲೇ ಬಿತ್ತು. 22,000 ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಎಂಎಸ್ ಪ್ರಾಜೆಕ್ಟ್ ಎಂಬ ವೇಳಾಪಟ್ಟಿ ಸಾಫ್ಟ್‌ವೇರ್ ತೆರೆದು, ಯಾವ ಕೆಲಸದ ನಂತರ ಯಾವುದೆಂದು ತೋರಿಸುವ ನೆಟ್‌ವರ್ಕ್ ಹಾಕಿದೆ. ಹಾಲ್‌ನ ಸ್ಪ್ಯಾನ್ (ಆಧಾರಗಳ ನಡುವಿನ ಅಂತರ) ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚಿದ್ದುದರಿಂದ, ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ಸ್ಲ್ಯಾಬಿನ ಕೆಳಗಿನ ಪ್ರಾಪ್‌ಗಳನ್ನು (ಆಸರೆ ಕಂಬಗಳನ್ನು) 14 ದಿನ ತೆಗೆಯುವಂತಿರಲಿಲ್ಲ. ಆ 14ನ್ನು ಲ್ಯಾಗ್ (ಎರಡು ಕೆಲಸಗಳ ನಡುವೆ ಕಾಯುವ ಅವಧಿ) ಎಂದು ಕೊಟ್ಟರೆ ಅದು ಶನಿವಾರ, ಭಾನುವಾರಗಳನ್ನು ರಜೆಯೆಂದು ಬಿಟ್ಟು ಸುಮಾರು 20 ದಿನಗಳಾಗಿ ಹಿಗ್ಗಿತು. ಕಾಂಕ್ರೀಟಿಗೆ ಭಾನುವಾರವಿಲ್ಲ, ಲ್ಯಾಗನ್ನು ಇಲ್ಯಾಪ್ಸ್‌ಡ್ ಡೇಸ್ (ರಜೆಯೂ ಸೇರಿದ ದಿನಗಳು) ಎಂದು ನಮೂದಿಸಬೇಕೆಂಬುದು ತಿಳಿಯಲು ನನಗೆ ಎರಡು ರಾತ್ರಿ ಹಿಡಿಯಿತು. ಇತ್ತ ಭಾನುವಾರವೂ ಬರುವ ನಮ್ಮ ಗಾರೆ ಕೆಲಸದವರು ಅಮಾವಾಸ್ಯೆಯಂದು ಬರುವುದಿಲ್ಲವೆಂಬುದು ಆ ಸಾಫ್ಟ್‌ವೇರಿಗೆ ಗೊತ್ತೇ ಇರಲಿಲ್ಲ. ಕಡೆಗೆ ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ನೆಟ್‌ವರ್ಕ್ ಬರೆದು, ಫಾರ್ವರ್ಡ್ ಪಾಸ್ (ಪ್ರತಿ ಕೆಲಸ ಬೇಗನೆಂದರೆ ಯಾವಾಗ), ಬ್ಯಾಕ್‌ವರ್ಡ್ ಪಾಸ್ (ತಡವೆಂದರೆ ಯಾವಾಗ) ಎರಡನ್ನೂ ಕೈಯಲ್ಲೇ ಮಾಡಿದೆ. ಪರೀಕ್ಷೆಯಲ್ಲಿ ಕೈ ತಾನಾಗಿಯೇ ಓಡಿದ್ದು ಈ ಅಭ್ಯಾಸದಿಂದ.

ಪರ್ಟ್ ಅರ್ಥವಾದದ್ದು ಮೇಸ್ತ್ರಿಯ ಬಾಯಿಂದ. ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ, ಕಾಂಕ್ರೀಟ್ ಹಾಕಲು ಎಷ್ಟು ದಿನವೆಂದು ಕೇಳಿದರೆ "ಆರು ದಿನ ಸಾಕು ಸರ್" ಎಂದ. ಎಲ್ಲ ಮಾಮೂಲಿಯಾಗಿ ನಡೆದರೆ ಎಂದು ಕೇಳಿದ್ದಕ್ಕೆ ಒಂಬತ್ತು ಎಂದ. ದುಗ್ಗಮ್ಮನ ಜಾತ್ರೆ ನಡುವೆ ಬಂದರೆ ಎಂದಾಗ ತಲೆ ಕೆರೆದುಕೊಂಡು "ಇಪ್ಪತ್ನಾಲ್ಕೂ ಆಗ್ಬೋದು" ಎಂದ. ಈ ಮೂರು ಅಂಕಿಗಳನ್ನು ಪರ್ಟ್ ಸೂತ್ರಕ್ಕೆ ಹಾಕಿದರೆ ನಿರೀಕ್ಷಿತ ಅವಧಿ 11 ದಿನ, ವಿಚಲನೆ (ಹಿಂದುಮುಂದಾಗುವ ಅಂತರ) 3 ದಿನ. ಕೆಲಸ ಮುಗಿದದ್ದು 12ನೆಯ ದಿನ. ಮೇಸ್ತ್ರಿ ಹೇಳುವ ಮೊದಲ ಅಂಕಿಯನ್ನು ನಾನು ಈಗ ಒಂದು ನಿರ್ದಿಷ್ಟ ಸಂಖ್ಯೆಯಿಂದ ಗುಣಿಸಿಯೇ ಬರೆದುಕೊಳ್ಳುತ್ತೇನೆ. ಆ ಸಂಖ್ಯೆಯನ್ನು ಇಲ್ಲಿ ಹೇಳುವುದಿಲ್ಲ, ನನ್ನ ಮೇಸ್ತ್ರಿಯೂ ಇದನ್ನು ಓದುವ ಸಾಧ್ಯತೆಯಿದೆ.

ದೊಡ್ಡ ನಷ್ಟವಾದದ್ದು ಫ್ಲೋಟ್ (ಒಟ್ಟು ಕೆಲಸ ತಡವಾಗದಂತೆ ಒಂದು ಕೆಲಸ ಎಳೆಯಬಹುದಾದ ಬಿಡುವು) ವಿಷಯದಲ್ಲಿ. ಸ್ಲ್ಯಾಬಿನ ಕಂಬಿಯ ನಡುವೆ ಕರೆಂಟ್ ಪೈಪ್ ಹಾಸುವುದು ಅರ್ಧ ದಿನದ ಕೆಲಸ. ಅದಕ್ಕೆ ಒಂದು ದಿನದ ಫ್ಲೋಟ್ ಇದೆಯೆಂದು ನಿಶ್ಚಿಂತೆಯಿಂದಿದ್ದೆ. ಎಲೆಕ್ಟ್ರಿಷಿಯನ್ ಎರಡು ದಿನ ತಡಮಾಡಿದ, ಅಷ್ಟರಲ್ಲಿ ಮಿಕ್ಸರ್ ಗ್ಯಾಂಗ್ ಬೇರೆ ಸೈಟಿಗೆ ಹೊರಟುಹೋಯಿತು. ಅವರನ್ನು ಮತ್ತೆ ಕರೆತರುವಷ್ಟರಲ್ಲಿ ಮೂರು ದಿನವೂ ಏಳೆಂಟು ಸಾವಿರ ರೂಪಾಯಿಯೂ ಹೋದವು. ರಿಸೋರ್ಸ್ ಲೆವೆಲಿಂಗ್ (ಇರುವ ಆಳು, ಯಂತ್ರಗಳಿಗೆ ತಕ್ಕಂತೆ ಕೆಲಸ ಹೊಂದಿಸುವ) ಅಧ್ಯಾಯವನ್ನು ಅಂದಿನ ರಾತ್ರಿ ಒಂದೇ ಏಟಿಗೆ ಓದಿ ಮುಗಿಸಿದೆ, ಮತ್ತೆ ತೆರೆಯುವ ಅಗತ್ಯ ಬೀಳಲಿಲ್ಲ.

ಇದರ ನಡುವೆ ಅರ್ನ್ಡ್ ವ್ಯಾಲ್ಯೂ ಲೆಕ್ಕವನ್ನು (ಯೋಜಿಸಿದ್ದು, ಮುಗಿದದ್ದು, ತಗುಲಿದ್ದು ಮೂರನ್ನೂ ಹೋಲಿಸುವುದು) ನನ್ನ ಓದಿಗೇ ಹಚ್ಚಿ ನೋಡಿದೆ. ಸೆಮಿಸ್ಟರಿಗೆ 240 ಗಂಟೆಗಳ ಓದೆಂದು ಇಟ್ಟುಕೊಂಡಿದ್ದೆ. ಹತ್ತನೆಯ ವಾರಕ್ಕೆ 120 ಗಂಟೆಯಷ್ಟು ಪಾಠ ಮುಗಿಯಬೇಕಿತ್ತು. ಮುಗಿದದ್ದು 80 ಗಂಟೆಯಷ್ಟು, ಅದಕ್ಕೆ ತಗುಲಿದ್ದು 100 ಗಂಟೆ. ಸಿಪಿಐ (ಮುಗಿದದ್ದನ್ನು ತಗುಲಿದ್ದರಿಂದ ಭಾಗಿಸಿದ ಸೂಚ್ಯಂಕ) 0.8, ಎಂದರೆ ಇದೇ ವೇಗದಲ್ಲಿ ಪೂರ್ತಿ ಓದಲು 300 ಗಂಟೆ ಬೇಕು. ನೌಕರಿ, ಸೈಟು, ಮನೆ ಮೂರನ್ನೂ ಹಿಂಡಿದರೂ ಅಷ್ಟು ಸಮಯ ಸಿಗುವಂತಿರಲಿಲ್ಲವಾದ್ದರಿಂದ ಎರಡು ಘಟಕಗಳನ್ನು ಧೈರ್ಯವಾಗಿ ಕೈಬಿಟ್ಟೆ. ಯಾವುವೆಂಬುದನ್ನು ನನ್ನ ನಂತರದ ಬ್ಯಾಚಿನ ಇಬ್ಬರಿಗೆ ಮಾತ್ರ ಹೇಳಿದ್ದೇನೆ. ಮರುಪರೀಕ್ಷೆಯಲ್ಲಿ 74 ಬಂತು.

ಮಹಡಿಯ ಅಂದಾಜು 14 ಲಕ್ಷವಿದ್ದದ್ದು ಹದಿನೈದೂ ಕಾಲಿನ ಆಸುಪಾಸಿನಲ್ಲಿ ನಿಂತಿತು. ವೈವಾದಲ್ಲಿ ಬಾಹ್ಯ ಪರೀಕ್ಷಕರು ಮೆಟ್ರೋದವರನ್ನು ಹತ್ತು ಹತ್ತು ನಿಮಿಷಕ್ಕೆ ಕಳುಹಿಸಿ, ನನ್ನನ್ನು ಮುಕ್ಕಾಲು ಗಂಟೆ ಕೂರಿಸಿಕೊಂಡರು. ಅವರು ಹಿಡಿದದ್ದು ಕ್ರ್ಯಾಶಿಂಗ್ (ಹೆಚ್ಚು ಹಣ ಸುರಿದು ದಿನ ಉಳಿಸುವ) ಪುಟವನ್ನು. ಪ್ಲಾಸ್ಟರಿಂಗಿಗೆ 15 ದಿನ, 60,000 ರೂಪಾಯಿ. ಇನ್ನೊಂದು ಗ್ಯಾಂಗ್ ಸೇರಿಸಿದರೆ 11 ದಿನ, 68,000. ಉಳಿಸಿದ ಒಂದೊಂದು ದಿನಕ್ಕೆ 2,000 ಹೆಚ್ಚುವರಿ ಖರ್ಚು, ಆದರೆ ಒಂದು ದಿನ ಮೊದಲೇ ಒಕ್ಕಲು ಹೋದರೆ ಉಳಿಯುವ ಬಾಡಿಗೆ ಬರೀ 300. ಲೆಕ್ಕದ ಪ್ರಕಾರ ಕ್ರ್ಯಾಶ್ ಮಾಡಲೇಬಾರದಾದ ಕೆಲಸವನ್ನು ಏಕೆ ಮಾಡಿದಿರಿ ಎಂದು ಕೇಳಿದರು. ಆಷಾಢ ಹಿಡಿಯುವುದರೊಳಗೆ ಗೃಹಪ್ರವೇಶ ಆಗಲೇಬೇಕೆಂದು ಅಪ್ಪ ಹಟ ಹಿಡಿದಿದ್ದರು ಎಂದೆ. ಪರೀಕ್ಷಕರು ನಕ್ಕು, ತಮ್ಮ ಮನೆಯಲ್ಲೂ ಹೀಗೆಯೇ ಆಗಿತ್ತೆಂದು ಹೇಳಿ, ಆ ಪುಟದ ಅಂಚಿನಲ್ಲಿ ಸರಿ ಗುರುತು ಹಾಕಿದರು.