ಒಂದೇ ತಳ, ಹಲವು ದೇಶ: ಪ್ಲಾಟ್‌ಫಾರ್ಮ್ ಆರಿಸುವ ಕೆಲಸದ ಬಗ್ಗೆ

ಕಾರು ಕಂಪನಿಯಲ್ಲಿ ಮುಂದಿನ ಮಾಡೆಲ್‌ಗಳ ಯೋಜನೆ ಮಾಡುವುದು ನನ್ನ ಕೆಲಸ. ಇವತ್ತು ಒಪ್ಪಿಕೊಂಡ ಪ್ಲಾಟ್‌ಫಾರ್ಮ್, ಅಂದರೆ ಹಲವು ಮಾಡೆಲ್‌ಗಳು ಹಂಚಿಕೊಳ್ಳುವ ಕಾರಿನ ತಳ, ಹತ್ತು ವರ್ಷಕ್ಕೂ ಜಾಸ್ತಿ ನಮ್ಮ ಜೊತೆಗಿರುತ್ತದೆ. ಮೇಲಿನ ಬಾಡಿಯನ್ನು ನಡುವೆ ಬದಲಿಸಬಹುದು. ತಳ ಮುಟ್ಟಿದರೆ ಉಕ್ಕಿನ ಹಾಳೆ ಒತ್ತುವ ಅಚ್ಚುಗಳಿಂದ (ಪ್ರೆಸ್ ಡೈ) ಹಿಡಿದು ಕ್ರ್ಯಾಶ್ ಟೆಸ್ಟ್‌ವರೆಗೆ ಎಲ್ಲ ಮತ್ತೆ ಶುರು. ಹಾಗಾಗಿ ಯಾವ ದೇಶಕ್ಕೆ ಯಾವ ಕಾರು ಅನ್ನುವ ಚರ್ಚೆಯಲ್ಲಿ ನಾನು ಮೊದಲು ಕೇಳುವುದು, ಆಮೇಲೆ ಬದಲಿಸಲು ಆಗದೇ ಇರುವುದು ಯಾವುದು ಅಂತ.

ಇದಕ್ಕೆ ಒಂದು ದೊಡ್ಡ ಪಟ್ಟಿ ಇಟ್ಟುಕೊಳ್ಳುತ್ತೇನೆ. ಒಂದು ಕಡೆ ದೇಶಗಳು, ಇನ್ನೊಂದು ಕಡೆ ಅಲ್ಲಿನ ಕಟ್ಟುಪಾಡುಗಳು. ಭಾರತದಲ್ಲಿ 4 ಮೀಟರ್ ಒಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದಿದ್ದರೆ ತೆರಿಗೆ ಕಡಿಮೆ. ಜಪಾನಿನ ಕೇ ಕಾರು, ಅಂದರೆ ಅಲ್ಲಿನ ಅತಿ ಚಿಕ್ಕ ಕಾರುಗಳ ವರ್ಗ, 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ ದಾಟುವಂತಿಲ್ಲ. ಈ ಕೇ ಸಾಲನ್ನು ನಾನು ತಕ್ಷಣ ಪಕ್ಕಕ್ಕೆ ಇಡುತ್ತೇನೆ. ಅಷ್ಟು ಕಿರಿದಾದ ತಳಕ್ಕೆ ಉಳಿದ ದೇಶಗಳ ಕಾರನ್ನು ಕಟ್ಟಿಹಾಕಿದರೆ ಯಾರಿಗೂ ಒಳ್ಳೆಯ ಕಾರು ಸಿಗುವುದಿಲ್ಲ.

ಉದ್ದದ ವಿಷಯ ಹಾಗಲ್ಲ, ಅದು ಬಗ್ಗುತ್ತದೆ. ಫೋಕ್ಸ್‌ವ್ಯಾಗನ್ 2012ರಲ್ಲಿ ತಂದ ಎಂಕ್ಯೂಬಿ ಅನ್ನುವ ತಳದಲ್ಲಿ ಮುಂದಿನ ಆಕ್ಸಲ್‌ನಿಂದ ಪೆಡಲ್‌ವರೆಗಿನ ಅಂತರ ಗಟ್ಟಿ, ಅದರ ಹಿಂದಿನದೆಲ್ಲ ಹಿಗ್ಗುತ್ತದೆ, ಕುಗ್ಗುತ್ತದೆ. ಭಾರತಕ್ಕೆಂದು ಹೊಂದಿಸಿದ ಅದರ ಎ0 ಐಎನ್ ರೂಪದಲ್ಲಿ ಸ್ಕೋಡಾ ಕುಶಾಕ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2651 ಮಿ.ಮೀ. ಅದೇ ತಳದ ಕೈಲಾಕ್‌ನಲ್ಲಿ 2566. ಕೈಲಾಕ್‌ನ ಒಟ್ಟು ಉದ್ದ 4 ಮೀಟರ್ ಒಳಗೆ, 3995 ಮಿ.ಮೀ.ಗೆ ನಿಂತಿದೆ. ವೀಲ್‌ಬೇಸ್‌ನಲ್ಲಿ ಬಿಟ್ಟುಕೊಟ್ಟಿದ್ದು ಬರೀ 85 ಮಿ.ಮೀ., ಉಳಿದದ್ದನ್ನು ಚಕ್ರಗಳ ಆಚೆಯ ಭಾಗದಲ್ಲಿ ಕತ್ತರಿಸಿದ್ದಾರೆ. ಕೂರುವವರ ಕಾಲಿನ ಜಾಗ ಉಳಿಸುವ ದಾರಿ ಇದೇ ಅಲ್ವಾ? ನಾನೂ ಹೀಗೇ ಮಾಡುತ್ತೇನೆ. ಮೊದಲು ಡಿಕ್ಕಿ ಕಡೆ ಕೈ ಹಾಕುತ್ತೇನೆ, ವೀಲ್‌ಬೇಸ್ ಕೊನೆಗೆ.

ನಾನು ಅತಿ ಜಾಸ್ತಿ ಹೊತ್ತು ಕಳೆಯುವುದು ಫೈರ್‌ವಾಲ್ ಮುಂದೆ, ಅಂದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಉಕ್ಕಿನ ಗೋಡೆಯ ಮುಂದೆ. ಸ್ಟೀರಿಂಗ್ ಎಡಕ್ಕಿದ್ದರೆ ಶಾಫ್ಟ್ ಒಂದು ಕಡೆ ಇಳಿಯುತ್ತದೆ, ಬಲಕ್ಕಿದ್ದರೆ ಇನ್ನೊಂದು ಕಡೆ. ಆ ಇನ್ನೊಂದು ಕಡೆಯಲ್ಲೇ ಟರ್ಬೊ, ಎಕ್ಸಾಸ್ಟ್ ಬಂದು ಕೂತಿದ್ದರೆ ಬಿಸಿ, ಜಾಗ ಎರಡೂ ತೊಂದರೆ. ಬ್ರೇಕ್ ಒತ್ತಲು ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಕೂಡ ಆ ಕಡೆಗೆ ದಾಟಬೇಕು. ಕೆಲವು ಬಲಗೈ ಕಾರುಗಳಲ್ಲಿ (ಸ್ಟೀರಿಂಗ್ ಬಲಕ್ಕಿರುವವು) ಬೂಸ್ಟರ್ ಎಡಕ್ಕೇ ಉಳಿದು, ಪೆಡಲ್‌ನಿಂದ ಅಲ್ಲಿಗೆ ಅಡ್ಡ ರಾಡ್ ಹಾಕಿರುತ್ತಾರೆ. ಪೆಡಲ್ ಒತ್ತಿದಾಗ ಆ ಮೆದುತನ ಕಾಲಿಗೆ ಗೊತ್ತಾಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಬಲಗೈ ದೇಶಗಳು ಪಟ್ಟಿಯಲ್ಲಿದ್ದರೆ ಮೊದಲ ಡ್ರಾಯಿಂಗ್‌ನಲ್ಲೇ ಎರಡೂ ಕಡೆ ಜಾಗ ಕಾದಿರಿಸಿ ಅಂತ ಹಟ ಹಿಡಿಯುತ್ತೇನೆ.

ಪಿಕಪ್ ಆದರೆ ಲೆಕ್ಕವೇ ಬೇರೆ. ಟೊಯೊಟಾ 2004ರಲ್ಲಿ ಐಎಂವಿ ಅನ್ನುವ ಯೋಜನೆ ಶುರುಮಾಡಿ ಒಂದೇ ಬಗೆಯ ಫ್ರೇಮ್ ಮೇಲೆ ಹೈಲಕ್ಸ್, ಇನೋವಾ, ಫಾರ್ಚೂನರ್ ಕೂರಿಸಿತು. ಕೆಟ್ಟ ರಸ್ತೆ, ಭಾರ, ಸುಲಭ ರಿಪೇರಿ ಬೇಕಾದ ದೇಶಗಳನ್ನು ಒಟ್ಟಿಗೆ ನೋಡಿದ್ದು ಸರಿಯಾದ ನಡೆ.

ಈಗಿನ ದೊಡ್ಡ ಪ್ರಶ್ನೆ ಎಲೆಕ್ಟ್ರಿಕ್. ಹುಂಡೈ ಕೋನಾ ಒಂದೇ ದೇಹದಲ್ಲಿ ಪೆಟ್ರೋಲ್, ಬ್ಯಾಟರಿ ಎರಡನ್ನೂ ಹೊತ್ತಿತು. 2021ರ ಐಯೋನಿಕ್ 5ಕ್ಕೆ ಅದೇ ಕಂಪನಿ ಇ-ಜಿಎಂಪಿ ಅನ್ನುವ ಬೇರೆ ತಳವನ್ನೇ ಕೊಟ್ಟಿತು. ಬ್ಯಾಟರಿ ಕಾರು ಬೇಗ ಬೇಕಾಗಿ, ಮಾರಾಟ ಚಿಕ್ಕದಿದ್ದರೆ ನಾನು ಮೊದಲ ದಾರಿ ಹಿಡಿಯುತ್ತೇನೆ. ಮಾರಾಟ ದೊಡ್ಡದಾಗುವ ನಂಬಿಕೆ ಇದ್ದರೆ ಬೇರೆ ತಳವೇ ಸರಿ. ಪೆಟ್ರೋಲ್ ಟ್ಯಾಂಕ್, ಎಕ್ಸಾಸ್ಟ್‌ಗೆ ಬಿಟ್ಟ ಜಾಗದಲ್ಲಿ ಬ್ಯಾಟರಿಯನ್ನು ಸುಮ್ನೆ ತುರುಕಿದರೆ ನೆಲ ಎತ್ತರವಾಗಿ, ಹಿಂದೆ ಕೂತವರ ಮಂಡಿ ಮೇಲೆ ಬರುತ್ತದೆ.