ಚೀಟಿಗೊಂದು ಪದ: ಇಂಗ್ಲಿಷ್ ಪದ ಹಿಡಿಯುವ ನನ್ನ ರೀತಿ

ಇಂಗ್ಲಿಷ್ ಪದಸಂಪತ್ತು ಬೆಳೆಸುತ್ತೇವೆ ಎನ್ನುವ ಪಟ್ಟಿಪುಸ್ತಕಗಳನ್ನು ನಾನು ಬಳಸುವುದಿಲ್ಲ. ಅಲ್ಲಿ ಪದಗಳು ಸಾಲಾಗಿ ಕೂತಿರುತ್ತವೆ, ಯಾವುದೂ ಕೆಲಸ ಮಾಡುತ್ತಿರುವುದಿಲ್ಲ. ಕಲಬುರಗಿಯಲ್ಲಿ ದಿನವೂ ಕಣ್ಣಿಗೆ ಬೀಳುವ ಇಂಗ್ಲಿಷ್ ಬೇರೆಯೇ ಇದೆ: ಸಿಮೆಂಟ್ ಚೀಲ, ಬೆಳೆಗೆ ಹೊಡೆಯುವ ಎಣ್ಣೆಯ ಬಾಟಲಿ, ತೊಗರಿ ಧಾರಣೆಯ ಸುದ್ದಿ, ಹವಾಮಾನ ಇಲಾಖೆಯ ಬುಲೆಟಿನ್. ನನ್ನ ಪದಗಳೆಲ್ಲ ಬರುವುದು ಇಲ್ಲಿಂದಲೇ.

ಎ4 ಹಾಳೆಯನ್ನು ಮೂರು ಸಲ ಮಡಚಿ ಹರಿದರೆ ಎಂಟು ಚೀಟಿ ಆಗುತ್ತವೆ. ಎಡ ಮೂಲೆಯಲ್ಲಿ ಪದ, ಅದರ ಕೆಳಗೆ ಸಿಕ್ಕ ವಾಕ್ಯ ಪೂರ್ತಿ, ಕೊನೆಗೆ ಸಿಕ್ಕ ಜಾಗ ಮತ್ತು ತಾರೀಖು. ಹಿಂಬದಿಯಲ್ಲಿ ಮೊದಲು ಪೆನ್ಸಿಲಿನಲ್ಲಿ ನನ್ನ ಊಹೆ, ಆಮೇಲೆ ನಿಘಂಟು ನೋಡಿ ಪೆನ್ನಿನಲ್ಲಿ ಅರ್ಥ. ಊಹೆ ತಪ್ಪಾಗಿದ್ದರೆ ಅಳಿಸುವುದಿಲ್ಲ, ಎಲ್ಲಿ ಎಡವಿದ್ದೇನೆ ಎನ್ನುವುದು ಅಲ್ಲೇ ಕಾಣುತ್ತದೆ. ದಿನಕ್ಕೆ ಮೂರು ಚೀಟಿ ಸಾಕು. ಹತ್ತು ಬರೆದರೆ ವಾಕ್ಯ ಬಿಟ್ಟು ಬರೀ ಪದ ಗೀಚುವ ಚಟ ಶುರುವಾಗುತ್ತದೆ. ಈ ಕ್ರಮ ನನ್ನದೇನಲ್ಲ. 1879ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ ಓದುಗರಿಗೆ ಮನವಿ ಮಾಡಿ ಇಂಥ ಚೀಟಿಗಳನ್ನು ತರಿಸಿಕೊಂಡರು. 1928ರಲ್ಲಿ ಪೂರ್ತಿಯಾದ ಆ ನಿಘಂಟು ನಿಂತಿದ್ದು ಅಂಥ ಲಕ್ಷಗಟ್ಟಲೆ ಚೀಟಿಗಳ ಮೇಲೆ.

ವಾಕ್ಯ ಪೂರ್ತಿ ಏಕೆ ಬೇಕು ಎನ್ನುವುದಕ್ಕೆ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಸುದ್ದಿ ನೋಡಿ. ತೊಗರಿ ಬೆಲೆ 'ಈಸ್ಡ್' ಎಂದಿದೆ. 'ಈಸಿ' ಎಂದರೆ ಸುಲಭ ಎಂದು ಕಲಿತವರಿಗೆ ಇದು ಒಳ್ಳೆಯ ಸುದ್ದಿಯಂತೆ ಕೇಳುತ್ತದೆ. ನಿಜಕ್ಕೂ ಬೆಲೆ ತುಸು ಇಳಿದಿದೆ. ಬೆಲೆ 'ಫರ್ಮ್' ಎಂದಿದ್ದರೆ ಇಳಿದಿಲ್ಲ, ಏರುವ ಕಡೆಗೇ ವಾಲಿದೆ. 'ಅರೈವಲ್ಸ್' ಎಂದರೆ ಬಂದ ಜನರಲ್ಲ, ನಮ್ಮ ಅಡತಿಯವರು (ದಲ್ಲಾಳಿಗಳು) ಹೇಳುವ ಆವಕ, ಮಾರುಕಟ್ಟೆಗೆ ಬಂದ ಮಾಲು. ಮೂರೂ ಶಾಲೆಯಲ್ಲೇ ಕಲಿತ ಪದಗಳು, ಅದಕ್ಕೇ ಯಾರೂ ನಿಘಂಟು ತೆಗೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಉದ್ದುದ್ದ ಪದಗಳಿಗಿಂತ ಇಂಥವೇ ಹೆಚ್ಚು ರುಚಿ.

ಹವಾಮಾನ ಬುಲೆಟಿನ್ನಿನಲ್ಲಿ ಪದಗಳಿಗೆ ಅಳತೆಯೇ ಇದೆ. 'ಸ್ಕ್ಯಾಟರ್ಡ್' ಎಂದರೆ ಚದುರಿದ ಮಳೆ ಎಂದು ಬರೆದು ಮುಗಿಸಿದರೆ ಅರ್ಧವೇ ಸಿಕ್ಕಂತೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆಯಾದರೆ 'ಐಸೊಲೇಟೆಡ್', ಶೇ. 26ರಿಂದ 50 ಆದರೆ 'ಸ್ಕ್ಯಾಟರ್ಡ್', 51ರಿಂದ 75 ಆದರೆ 'ಫೇರ್ಲಿ ವೈಡ್‌ಸ್ಪ್ರೆಡ್', ಅದಕ್ಕೂ ಮೇಲೆ 'ವೈಡ್‌ಸ್ಪ್ರೆಡ್'. ಇವು ಮಳೆಯ ಹರವನ್ನು ಹೇಳುತ್ತವೆ, ಜೋರನ್ನಲ್ಲ. ಜೋರಿಗೆ ಬೇರೆ ಪದಗಳು: 24 ತಾಸಿನಲ್ಲಿ 64.5 ಮಿ.ಮೀ.ಯಿಂದ 115.5 ಮಿ.ಮೀ.ವರೆಗೆ 'ಹೆವಿ', ಅಲ್ಲಿಂದ 204.4ರವರೆಗೆ 'ವೆರಿ ಹೆವಿ', ಅದನ್ನೂ ದಾಟಿದರೆ 'ಎಕ್ಸ್‌ಟ್ರೀಮ್ಲಿ ಹೆವಿ'. 'ಹೆವಿ ರೇನ್ ಅಟ್ ಐಸೊಲೇಟೆಡ್ ಪ್ಲೇಸಸ್' ಎಂಬ ಸಾಲು ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ 'ಹೆವಿ ರೇನ್' ಮಾತ್ರ ಉಳಿದು ಇಡೀ ಜಿಲ್ಲೆಗೇ ಮಳೆ ಸುರಿಸಿಬಿಡುತ್ತದೆ. ಇಂಥ ಪದಗಳನ್ನು ಒಂಟಿ ಚೀಟಿಯಲ್ಲಿ ಬರೆಯಬಾರದು. ಒಂದೇ ಚೀಟಿಯಲ್ಲಿ ಮೆಟ್ಟಿಲಿನ ಹಾಗೆ ಬರೆಯಬೇಕು. ಎಣ್ಣೆ ಬಾಟಲಿಯ ಲೇಬಲ್ಲೂ ಹೀಗೆಯೇ: ಕೆಂಪು, ಹಳದಿ ತ್ರಿಕೋನಕ್ಕೆ 'ಪಾಯಿಸನ್', ನೀಲಿಗೆ 'ಡೇಂಜರ್', ಹಸಿರಿಗೆ 'ಕಾಷನ್'. ಕನ್ನಡದಲ್ಲಿ ಎಲ್ಲಕ್ಕೂ ಅಪಾಯ ಎಂದು ಬರೆದುಕೊಂಡರೆ ಮೆಟ್ಟಿಲೇ ಮಾಯ.

ವಾಡಿ, ಸೇಡಂ ಕಡೆಯ ಸಿಮೆಂಟ್ ಚೀಲ ಮನೆ ಕಟ್ಟುವಲ್ಲೆಲ್ಲ ಬಿದ್ದಿರುತ್ತದೆ. ಅದರ ಮೇಲಿನ 'ಪೋರ್ಟ್‌ಲ್ಯಾಂಡ್' ಯಾವ ಬಂದರಿನದೂ ಅಲ್ಲ. 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್ಡಿನ್, ಗಟ್ಟಿಯಾದ ಸಿಮೆಂಟು ಇಂಗ್ಲೆಂಡಿನ ಪೋರ್ಟ್‌ಲ್ಯಾಂಡಿನ ಕಲ್ಲಿನಂತೆ ಕಾಣುತ್ತದೆ ಎಂದು ಆ ಹೆಸರಿಟ್ಟ. 'ಪೊಜೊಲಾನಾ' ಇಟಲಿಯ ಪೊಜುವೊಲಿ ಊರಿನ ಜ್ವಾಲಾಮುಖಿ ಬೂದಿಯಿಂದ ಬಂದದ್ದು. ಪಕ್ಕದಲ್ಲೇ ಇರುವ 'ಫ್ಲೈ ಆಶ್' ನೊಣದ ಬೂದಿಯಲ್ಲ. ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಹಾರಿಹೋಗುವ ಸಣ್ಣ ಬೂದಿ.

ನಮ್ಮ ಭಾಗದವರಿಗೆ ಇನ್ನೊಂದು ಅನುಕೂಲವಿದೆ: ಉರ್ದು ಕಿವಿಯಲ್ಲೇ ಇದೆ. 'ಕುಷಿ ಜಾಬ್' ಎಂದರೆ ಆರಾಮದ ನೌಕರಿ, ಅದು ನಮ್ಮ ಖುಷಿಯಿಂದಲೇ ಹೋದದ್ದು. ಚಿನ್ನ, ದುಡ್ಡಿನ ವ್ಯವಹಾರ ಮಾಡುವ ನಮ್ಮ ಸರಾಫ ಇಂಗ್ಲಿಷಿನಲ್ಲಿ 'ಶ್ರಾಫ್' ಆಗಿದ್ದಾನೆ. ಹಾಂಗ್‌ಕಾಂಗಿನಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ದುಡ್ಡು ಕಟ್ಟುವ ಕಿಟಕಿಯ ಮೇಲೆ ಈ ಪದವೇ ಇರುತ್ತದೆ.

ಕೇಳಿ ಹಿಡಿಯುವುದು ಓದಿ ಹಿಡಿಯುವುದಕ್ಕಿಂತ ಕಷ್ಟ. ಐದು ನಿಮಿಷದ ಇಂಗ್ಲಿಷ್ ವಾರ್ತೆಯನ್ನು ಮೊದಲ ಸಲ ಪೆನ್ನಿಲ್ಲದೆ ಕೇಳುತ್ತೇನೆ. ಎರಡನೆಯ ಸಲ ಸಿಕ್ಕಿಹಾಕಿಕೊಂಡ ಪದವನ್ನು ಅದರ ಹಿಂದೆ ಎರಡು, ಮುಂದೆ ಎರಡು ಪದದ ಸಮೇತ ಕನ್ನಡದಲ್ಲೇ ಬರೆಯುತ್ತೇನೆ. ತೊಂದರೆ ಸ್ಪೆಲ್ಲಿಂಗ್ ಹುಡುಕುವಾಗ. ನಮ್ಮ ವ ಎರಡು ಅಕ್ಷರಗಳ ಕೆಲಸ ಮಾಡುತ್ತದೆ. 'ವೇರಿ' ಎಂದು ಬರೆದದ್ದು ಡಬ್ಲ್ಯೂ ಇದ್ದರೆ ಎಚ್ಚರಿಕೆಯಿಂದಿರುವ, ವಿ ಇದ್ದರೆ ಬದಲಾಗುವುದು. ಮುಂದೆ 'ಆಫ್' ಕೇಳಿದ್ದರೆ ಮೊದಲನೆಯದು. ಅದಕ್ಕೇ ಅಕ್ಕಪಕ್ಕದ ಪದ ಬೇಕು. ತುಟಿ ದುಂಡಾಗುವ ಸದ್ದು ಕೇಳಿದರೆ ವ ಕೆಳಗೆ ಗೆರೆ ಎಳೆಯುತ್ತೇನೆ. ಜ಼, ಫ಼ಗಳಿಗೆ ಉರ್ದು ಪದಗಳಿಗೆ ಹಾಕುವಂತೆ ಚುಕ್ಕಿ. ಸ ಸದ್ದಿನ ಪದ ಎಸ್‌ನಲ್ಲಿ ಸಿಗದಿದ್ದರೆ ಸಿ, ಆಮೇಲೆ ಪಿ-ಎಸ್ ನೋಡಬೇಕು. ಪದದ ಮೊದಲಿಗೆ ಒತ್ತಿಲ್ಲದ ಅ ಕೇಳಿದರೆ ಎ, ಒ, ಇ, ಯು ಎಲ್ಲದರಲ್ಲೂ ತಡಕಬೇಕು.

ಎಲ್ಲಕ್ಕಿಂತ ಕೆಟ್ಟ ಬಲೆ 'ಇಂಡೈಟ್'. ಕೋರ್ಟಿನ ಸುದ್ದಿಯಲ್ಲಿ ಕೇಳಿ, ಕಿವಿಗೆ ಬಿದ್ದಂತೆ ಟಿ-ಇ ಕೊನೆಯಲ್ಲಿಟ್ಟು ಹುಡುಕಿದರೆ ನಿಘಂಟಿನಲ್ಲಿ ಪದ ಸಿಕ್ಕೇ ಸಿಗುತ್ತದೆ. ಆದರೆ ಅದರ ಅರ್ಥ ಬರೆಯುವುದು, ರಚಿಸುವುದು. ಆರೋಪ ಹೊರಿಸುವ 'ಇಂಡೈಟ್' ಬೇರೆ. ಅದರಲ್ಲಿ ಟಿ ಹಿಂದೆ ಸದ್ದಿಲ್ಲದ ಸಿ ಕೂತಿದೆ. ಸಿಕ್ಕ ಅರ್ಥವನ್ನು ಕೇಳಿದ ವಾಕ್ಯದಲ್ಲಿಟ್ಟು ನೋಡದೆ ಪೆನ್ನು ಹಿಡಿಯಬಾರದು.

ಭಾನುವಾರ ಆ ವಾರದ ಇಪ್ಪತ್ತೊಂದು ಚೀಟಿಗಳನ್ನು ಕಲಸಿ, ಮೂಲೆಯಲ್ಲೂ ವಾಕ್ಯದಲ್ಲೂ ಪದವನ್ನು ಬೆರಳಿನಿಂದ ಮುಚ್ಚಿ, ಉಳಿದ ವಾಕ್ಯ ಓದಿ ಪದ ಹೇಳಬೇಕು. ಬಂದರೆ ಡಬ್ಬಿಗೆ. ಬರದಿದ್ದರೆ ಮುಂದಿನ ವಾರದ ಕಟ್ಟಿಗೆ. ಮೂರು ವಾರ ಬರದ ಪದಕ್ಕೆ ಇನ್ನೊಂದು ಕಡೆಯ ಇನ್ನೊಂದು ವಾಕ್ಯ ಹುಡುಕಿ ಅದೇ ಚೀಟಿಗೆ ಸೇರಿಸುತ್ತೇನೆ. ಎರಡನೆಯ ವಾಕ್ಯ ತಿಂಗಳಾದರೂ ಕಣ್ಣಿಗೆ ಬೀಳದಿದ್ದರೆ ಆ ಚೀಟಿ ಹರಿದು ಹಾಕುತ್ತೇನೆ.